ಕೆಂಪು ಲಕೋಟೆ, ನೀಲಿ ಆ್ಯಪ್, ಕೇಂದ್ರ ಬ್ಯಾಂಕ್: ಚೀನಾದ ಎರಡು ಪಾವತಿ ಸೇವೆಗಳ ವಿಮರ್ಶೆ

ಚೀನಾದ ಹರಟೆಯ ಆ್ಯಪ್ ಆದ ವೀಚಾಟ್‌ನಲ್ಲಿ ಪರಿಚಿತರಿಗೆ ಹಣ ಕಳಿಸಿದರೆ ಅದು ನೇರವಾಗಿ ಅವರ ಲೆಕ್ಕಕ್ಕೆ ಹೋಗುವುದಿಲ್ಲ. ಮಾತುಕತೆಯ ನಡುವೆ ಕಿತ್ತಳೆ ಬಣ್ಣದ ಒಂದು ಪಟ್ಟಿಯಾಗಿ ಬಂದು ಕಾಯುತ್ತಾ ನಿಲ್ಲುತ್ತದೆ. ಎದುರಿನವರು ಅದನ್ನು ಒತ್ತಿ ಸ್ವೀಕರಿಸಿದ ಮೇಲಷ್ಟೇ ಹಣ ಅವರದು. 24 ಗಂಟೆ ಮುಟ್ಟದೆ ಬಿಟ್ಟರೆ ಕಳಿಸಿದವರಿಗೇ ವಾಪಸು. ಊಟದ ಖರ್ಚಿನ ಪಾಲು ಕಳಿಸಿದ ಗೆಳೆಯನಿಗೆ ಬಾಯಿಬಿಟ್ಟು 'ಬೇಡ' ಅನ್ನಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಕಳಿಸಿದವನೂ ಕೊಟ್ಟಂತಾಯಿತು, ಕೊಳ್ಳದವನೂ ದೊಡ್ಡತನ ತೋರಿಸಿದಂತಾಯಿತು. ಹಣ ಸಾಗಿಸುವ ಯಂತ್ರವಾಗಿ ನೋಡಿದರೆ ಈ ಹೆಜ್ಜೆ ಬೇಕಾಗಿಯೇ ಇಲ್ಲ. ಆದರೆ ಚೀನೀ ಬದುಕಿನಲ್ಲಿ ಹಣ ತೆಗೆದುಕೊಳ್ಳುವುದೂ ಒಂದು ಉತ್ತರವೇ, ತೆಗೆದುಕೊಳ್ಳದಿರುವುದೂ ಒಂದು ಉತ್ತರವೇ. ಅದನ್ನು ಬಲ್ಲವರು ಕಟ್ಟಿದ ಸೇವೆ ಇದು.

ನೀಲಿ ಆ್ಯಪ್ ಅಲಿಪೇ ಮತ್ತು ವೀಚಾಟ್ ಒಳಗಿನ ವೀಚಾಟ್ ಪೇ ಎರಡನ್ನೂ ವೇಗ, ಶುಲ್ಕ, ರಿಯಾಯಿತಿ ಎಂದು ಅಕ್ಕಪಕ್ಕ ಇಟ್ಟು ಅಳೆದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಹುಟ್ಟಿನಲ್ಲಿ. ಅಪರಿಚಿತರ ನಡುವೆ ಇಲ್ಲದ ನಂಬಿಕೆಯನ್ನು ತುಂಬಿಕೊಡಲು ಹುಟ್ಟಿದ್ದು ಅಲಿಪೇ. ಪರಿಚಿತರ ನಡುವೆ ಮೊದಲೇ ಇದ್ದ ಋಣಾನುಬಂಧದ ಮೇಲೆ ಬೆಳೆದದ್ದು ವೀಚಾಟ್ ಪೇ. ಸರ್ಕಾರ ಎರಡನ್ನೂ ಕೆಲವು ವರ್ಷ ಬೆಳೆಯಲು ಬಿಟ್ಟು, ಬೆಳೆದ ಮೇಲೆ ಬೇಲಿ ಹಾಕಿತು. ಎಲ್ಲಿ ಯಾವುದನ್ನು ಬಳಸಬೇಕು, ಎಲ್ಲಿ ಹಣ ಸಿಕ್ಕಿಬೀಳುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಅಪರಿಚಿತರ ಆ್ಯಪ್

2003ರ ಮೇನಲ್ಲಿ ಟಾವ್‌ಬಾವ್ ಎಂಬ ಆನ್‌ಲೈನ್ ಮಾರುಕಟ್ಟೆ ತೆರೆದಾಗ ಸರಕಿಗೆ ಕೊರತೆ ಇರಲಿಲ್ಲ, ಕೊಳ್ಳುವವರಿಗೂ ಕೊರತೆ ಇರಲಿಲ್ಲ. ವ್ಯಾಪಾರ ಮಾತ್ರ ಕುದುರುತ್ತಿರಲಿಲ್ಲ. ಮೊದಲು ಹಣ ಕಳಿಸಲು ಕೊಳ್ಳುವವನಿಗೆ ಅಂಜಿಕೆ, ಮೊದಲು ಸರಕು ಕಳಿಸಲು ಮಾರುವವನಿಗೆ ಅಂಜಿಕೆ. ಈ ಅಂಜಿಕೆಯ ಬೇರನ್ನು ಸಮಾಜಶಾಸ್ತ್ರಜ್ಞ ಫೇ ಶಿಯಾವ್‌ತುಂಗ್ 1940ರ ದಶಕದಲ್ಲೇ ವಿವರಿಸಿದ್ದರು. ನೀರಿಗೆ ಕಲ್ಲು ಬಿದ್ದಾಗ ಏಳುವ ಬಳೆಬಳೆ ಅಲೆಗಳ ಹಾಗೆ ಚೀನೀಯರ ಸಂಬಂಧಗಳು ಎಂದರು ಅವರು. ನಡುವೆ ತಾನು, ಸುತ್ತ ಮನೆಯವರು, ಅದರಾಚೆ ನೆಂಟರು, ಊರವರು. ಅಲೆ ದೂರ ಹೋದಷ್ಟೂ ಹೊಣೆ ತೆಳುವಾಗುತ್ತದೆ. ಕೊನೆಯ ಅಲೆಯ ಆಚೆಗಿರುವವನ ಬಗ್ಗೆ ಇಬ್ಬರಿಗೂ ಯಾವ ಕಟ್ಟುಪಾಡೂ ಇಲ್ಲ. ಸಾವಿರ ಮೈಲಿ ಆಚೆಯ ಅಂಗಡಿಯವನು ಆ ಕೊನೆಯ ಅಲೆಗೂ ಹೊರಗಿನವನು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ಪರಿಹಾರ ಹೊಸದಾಗಿ ಕಂಡರೂ ಒಳಗಿನ ತಿರುಳು ಹಳೆಯದು. ಮಿಂಗ್, ಚಿಂಗ್ ರಾಜವಂಶಗಳ ಕಾಲದ ಜಮೀನಿನ ಕ್ರಯಪತ್ರಗಳಲ್ಲಿ ಕೊಟ್ಟವನು, ಕೊಂಡವನು ಇಬ್ಬರ ಜೊತೆಗೆ 'ಝೊಂಗ್‌ರೆನ್' ಎಂಬ ನಡುವಿನವನ ಹೆಸರೂ ಇರುತ್ತಿತ್ತು. ತಕರಾರು ಬಂದರೆ ಮೊದಲು ಅವನ ಮನೆಗೇ ಹೋಗುತ್ತಿದ್ದರು. ಅಲಿಪೇ ಆ ನಡುವಿನವನ ಜಾಗದಲ್ಲಿ ಕೂತಿತು. 2004ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ಕಂಪನಿಯಾಯಿತು.

ಕ್ರಮ ಇವತ್ತಿಗೂ ಅದೇ. ನೀವು ಕೊಟ್ಟ ಹಣ ಅಂಗಡಿಗೆ ಹೋಗದೆ ನಡುವೆ ನಿಲ್ಲುತ್ತದೆ. ಸರಕು ಕೈಸೇರಿದ ಮೇಲೆ ನೀವು 'ಸರಕು ಬಂತು' ಎಂದು ಖಚಿತಪಡಿಸಿದಾಗ ಬಿಡುಗಡೆಯಾಗುತ್ತದೆ. ಏನೂ ಮಾಡದೆ ಸುಮ್ಮನಿದ್ದರೆ ಕೊರಿಯರ್ ಸರಕಿನ ವಿಷಯದಲ್ಲಿ ಸುಮಾರು 10 ದಿನದಲ್ಲಿ ತಾನಾಗಿಯೇ ಬಿಡುಗಡೆ. ಜನ ಎಡವುವುದು ಇಲ್ಲೇ. ಪೆಟ್ಟಿಗೆ ಬಾಗಿಲಿಗೆ ಬಂದ ಕೂಡಲೇ, ಇನ್ನೂ ಬಿಚ್ಚದೆಯೇ, ಗುಂಡಿ ಒತ್ತಿಬಿಡುತ್ತಾರೆ. ಹಣ ಒಮ್ಮೆ ದಾಟಿದರೆ ಚೌಕಾಸಿಯ ಬಲವೂ ದಾಟಿತು. ಸರಕು ತಡವಾಗಿದ್ದರೆ ಆರ್ಡರ್ ಪುಟದಲ್ಲೇ ಸ್ವೀಕಾರದ ಗಡುವು ಮುಂದೂಡುವ ಆಯ್ಕೆ ಇರುತ್ತದೆ, ಗಡುವು ಮುಗಿಯುವ ಮೊದಲೇ ಅದನ್ನು ಒತ್ತಬೇಕು.

ಇದರ ಮೇಲೆ ಕಾನೂನಿನ ಒಂದು ಪದರವೂ ಇದೆ. 2014ರ ಮಾರ್ಚ್ 15ರಿಂದ ಜಾರಿಯಲ್ಲಿರುವ ತಿದ್ದುಪಡಿಯಾದ ಗ್ರಾಹಕ ಹಕ್ಕು ಕಾನೂನಿನ 25ನೇ ಕಲಮಿನ ಪ್ರಕಾರ ಆನ್‌ಲೈನ್‌ನಲ್ಲಿ ಕೊಂಡ ಸರಕನ್ನು 7 ದಿನದೊಳಗೆ ಕಾರಣ ಕೊಡದೆ ಹಿಂದಿರುಗಿಸಬಹುದು. ವಾಪಸು ಕಳಿಸುವ ಖರ್ಚು ಕೊಂಡವರದೇ. ಹೇಳಿ ಮಾಡಿಸಿದ ವಸ್ತು, ಕೆಡುವ ಪದಾರ್ಥ, ಬಿಚ್ಚಿದ ಸಾಫ್ಟ್‌ವೇರ್, ಪತ್ರಿಕೆಗಳಿಗೆ ಇದು ಅನ್ವಯಿಸುವುದಿಲ್ಲ. ಕಂಪನಿ ತೋರಿಸಿಕೊಟ್ಟ ದಾರಿಯಲ್ಲಿ ಸರ್ಕಾರ ಆಮೇಲೆ ಬಂದು ಕಾನೂನು ಹಾಸಿದ ಬಗೆ ಇದು, ಚೀನಾದಲ್ಲಿ ಮತ್ತೆ ಮತ್ತೆ ಕಾಣುವ ಬಗೆ.

ಮಾರುವವನು 'ಇಲ್ಲಿ ಬೇಡ, ವೀಚಾಟ್‌ಗೆ ಕಳಿಸಿ, ಸ್ವಲ್ಪ ಕಡಿಮೆ ಮಾಡಿಕೊಡುತ್ತೇನೆ' ಎಂದರೆ ಒಪ್ಪಲೇಬಾರದು. ಹಾಗೆ ಕಳಿಸಿದ ಹಣಕ್ಕೆ ನಡುವಿನವನಿಲ್ಲ. ವೀಚಾಟ್‌ನ ವ್ಯಕ್ತಿಗತ ವರ್ಗಾವಣೆ ಪರಿಚಿತರಿಗಾಗಿ ಮಾಡಿದ್ದು, ಎದುರಿನವರು ಒತ್ತಿ ತೆಗೆದುಕೊಂಡರೆಂದರೆ ಮುಗಿಯಿತು. ಅಪರಿಚಿತನೊಬ್ಬ ನಿಮ್ಮನ್ನು ಪರಿಚಿತರ ಆ್ಯಪ್‌ಗೆ ಎಳೆಯುತ್ತಿದ್ದಾನೆ ಎಂದರೆ, ರಕ್ಷಣೆ ಇರುವ ಕಡೆಯಿಂದ ಇಲ್ಲದ ಕಡೆಗೆ ಎಳೆಯುತ್ತಿದ್ದಾನೆ ಎಂದೇ ಅರ್ಥ. ಆನ್‌ಲೈನ್ ಕೊಳ್ಳುವಿಕೆಗೆ ನಮ್ಮ ಶಿಫಾರಸು ಎಂದಿಗೂ ನಡುವಿನವನಿರುವ ದಾರಿಗೇ. 2024ರ ಸೆಪ್ಟೆಂಬರ್‌ನಿಂದ ಟಾವ್‌ಬಾವ್ ಒಳಗೇ ವೀಚಾಟ್ ಪೇ ನಡೆಯುತ್ತದೆ. ಅಲ್ಲಿ ಹಣ ಕೊಟ್ಟರೆ ಟಾವ್‌ಬಾವ್‌ನ ರಕ್ಷಣೆ ಹಾಗೇ ಇರುತ್ತದೆ. ಅದು ಬೇರೆ, ಚಾಟ್‌ನಲ್ಲಿ ವ್ಯಾಪಾರಿಗೆ ನೇರವಾಗಿ ಕಳಿಸುವುದು ಬೇರೆ. ಎರಡನ್ನೂ ಬೆರೆಸಬೇಡಿ.

ಪರಿಚಿತರ ಲಕೋಟೆ

ವೀಚಾಟ್ ಪೇ 2013ರ ಆಗಸ್ಟ್‌ನಲ್ಲಿ ಬಂದಾಗ ಅದರ ಮುಂದೆ ಅಲಿಪೇಗೆ ಒಂಬತ್ತು ವರ್ಷದ ಮುನ್ನಡೆ ಇತ್ತು. ಜನ ತಮ್ಮ ಬ್ಯಾಂಕ್ ಕಾರ್ಡನ್ನು ಹರಟೆಯ ಆ್ಯಪ್‌ಗೆ ಯಾಕೆ ಜೋಡಿಸಬೇಕು? ಉತ್ತರ ಬಂದದ್ದು 2014ರ ಜನವರಿಯಲ್ಲಿ, ವಸಂತ ಹಬ್ಬಕ್ಕೆ ಸರಿಯಾಗಿ: ಹಾಂಗ್‌ಬಾವ್. ಹಬ್ಬಕ್ಕೆ ಹಿರಿಯರು ಕಿರಿಯರ ಕೈಗಿಡುವ ಕೆಂಪು ಲಕೋಟೆಯನ್ನೇ ಫೋನಿಗೆ ತಂದರು. ಬಂದ ಲಕೋಟೆಯ ಹಣ ಬ್ಯಾಂಕಿಗೆ ಹೋಗಬೇಕಾದರೆ ಕಾರ್ಡ್ ಜೋಡಿಸಲೇಬೇಕು. ದೊಡ್ಡಪ್ಪನೋ ಮೇಲಧಿಕಾರಿಯೋ ಕಳಿಸಿದ ಲಕೋಟೆಯನ್ನು ತೆರೆಯದೆ ಬಿಡುವುದು ಮರ್ಯಾದೆಯಲ್ಲ. ಜಾಹೀರಾತಿನಿಂದ ಆಗದ ಕೆಲಸ ದಾಕ್ಷಿಣ್ಯದಿಂದ ಆಯಿತು. ಮರುವರ್ಷ ಕೇಂದ್ರ ಟಿವಿಯ ಹಬ್ಬದ ಕಾರ್ಯಕ್ರಮದ ಹೊತ್ತಿಗೆ ಫೋನು ಕುಲುಕಿದರೆ ಲಕೋಟೆ ಬೀಳುವ ಏರ್ಪಾಟು ಮಾಡಿದರು, ಒಂದೇ ರಾತ್ರಿ 1,100 ಕೋಟಿ ಬಾರಿ ಜನ ಫೋನು ಕುಲುಕಿದರು. ಆಡಳಿತ ಪಕ್ಷದ ಟಿವಿ, ಖಾಸಗಿ ಕಂಪನಿ, ಮನೆಮಂದಿಯೆಲ್ಲ ಸೇರುವ ಹಬ್ಬ ಮೂರೂ ಒಂದೇ ಪರದೆಯ ಮೇಲೆ ಕೂಡಿದ ರಾತ್ರಿ ಅದು. ಚೀನಾದ ಆರ್ಥಿಕತೆ ಹೇಗೆ ನಡೆಯುತ್ತದೆ ಎಂದು ಕೇಳುವವರಿಗೆ ಆ ರಾತ್ರಿಯನ್ನೇ ಉದಾಹರಣೆಯಾಗಿ ಕೊಡಬಹುದು.

ಕೊಡುಕೊಳ್ಳುವಿಕೆಯ ಈ ಋಣಕ್ಕೆ ಚೀನೀ ಭಾಷೆಯಲ್ಲಿ 'ರೆನ್‌ಚಿಂಗ್' ಎನ್ನುತ್ತಾರೆ. ಕನ್ನಡದ 'ಮುಯ್ಯಿ' ಎಂಬ ಮಾತು ಇದಕ್ಕೆ ತೀರ ಹತ್ತಿರ. ಬಂದ ಮುಯ್ಯಿಯನ್ನು ನೆನಪಿಟ್ಟು, ಸರಿಯಾದ ಹೊತ್ತಿಗೆ, ಸರಿಯಾದ ಅಳತೆಯಲ್ಲಿ ತೀರಿಸಬೇಕು. ತಕ್ಷಣ ಅಷ್ಟಕ್ಕಷ್ಟೇ ಹಿಂದಿರುಗಿಸಿದರೆ 'ನಿನ್ನ ಋಣ ನನಗೆ ಬೇಡ' ಎಂದಂತೆ. ಈ ಎಳೆಗಳೆಲ್ಲ ಸೇರಿ ಆಗುವ ಬಲೆಯೇ 'ಗ್ವಾನ್‌ಶಿ'.

ಈಗ ಲಕೋಟೆಯ ಲೆಕ್ಕ. ಒಂದು ಲಕೋಟೆಗೆ ಗರಿಷ್ಠ 200 ಯುವಾನ್. ಮೇ 20ರಂಥ ದಿನಗಳಲ್ಲಿ ಮಾತ್ರ 520 ಯುವಾನ್‌ವರೆಗೆ ಬಿಡುತ್ತಾರೆ, 'ವು ಅರ್ ಲಿಂಗ್' ಎಂಬ 520ರ ಉಚ್ಚಾರ 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎಂಬ ಮಾತಿನ ಹಾಗೆ ಕೇಳುತ್ತದೆಂದು. ಗುಂಪಿಗೆ ಹಾಕುವಾಗ ಎಲ್ಲರಿಗೂ ಸಮನಾಗಿ ಹಂಚಬಹುದು, ಇಲ್ಲವೇ ಅದೃಷ್ಟದಂತೆ ಹಂಚುವ ಬಗೆ ಆರಿಸಬಹುದು. ಆಫೀಸಿನ ಗುಂಪಿಗೆ ಎರಡನೆಯದೇ ವಾಸಿ. ಸಮನಾಗಿ ಹಂಚಿದರೆ ಅದು ಬಟವಾಡೆಯ ಹಾಗೆ ಕಾಣುತ್ತದೆ, ಅದೃಷ್ಟದ್ದಾದರೆ ಐದು ನಿಮಿಷದ ಸಂಭ್ರಮ. ಗುಂಪಿನಲ್ಲಿ 30 ಜನರಿದ್ದರೆ ಲಕೋಟೆಯನ್ನು 30 ಪಾಲಿಗಿಂತ ಕಡಿಮೆ ಮಾಡಿದಾಗ ಕೆಲವರಿಗೆ ಸಿಗುವುದಿಲ್ಲ, ಯಾರಿಗೆ ಎಷ್ಟು ಸಿಕ್ಕಿತೆಂಬುದು ಎಲ್ಲರಿಗೂ ಕಾಣುತ್ತದೆ. ಹಿರಿಯರಿರುವ ಗುಂಪಿನಲ್ಲಿ ಪಾಲು ಕಡಿಮೆ ಮಾಡುವುದು ಒಳ್ಳೆಯದಲ್ಲ. ಉಳಿದ ಹಣ 24 ಗಂಟೆಯ ಮೇಲೆ ಹಾಕಿದವರಿಗೆ ವಾಪಸಾಗುತ್ತದೆ.

ಅಂಕಿಗಳ ಬಗ್ಗೆ ಎಚ್ಚರ ಬೇಕು. 4ರ ಉಚ್ಚಾರ ಸಾವಿನ ಪದಕ್ಕೆ ಹತ್ತಿರ, ಹಾಗಾಗಿ 4, 40, 44 ಬೇಡ. 250 ಎಂದರೆ 'ಪೆದ್ದ' ಎಂಬ ಬೈಗುಳ. 8 ಸಿರಿಯ ಅಂಕಿ, 6 ಸಲೀಸಾಗಿ ಸಾಗುವುದರದು, 66, 88, 168, 188 ಎಲ್ಲಿಗೂ ಸಲ್ಲುತ್ತವೆ. ಮದುವೆಗೆ ಸಮಸಂಖ್ಯೆ. ಸಾವಿನ ಮನೆಗೆ ಕೆಂಪು ಲಕೋಟೆ ಕಳಿಸುವುದು ಅತಿ ದೊಡ್ಡ ತಪ್ಪು, ಅಲ್ಲಿಗೆ ಬಿಳಿ ಲಕೋಟೆ ಕೈಯಾರೆ ಕೊಡಬೇಕು, ದೂರವಿದ್ದರೆ ಸಾಮಾನ್ಯ ವರ್ಗಾವಣೆ ಆರಿಸಿ, ಟಿಪ್ಪಣಿಯ ಜಾಗದಲ್ಲಿ ಸಂತಾಪದ ಎರಡು ಮಾತು ಬರೆಯಬೇಕು. ಆ್ಯಪ್ ಈ ಯಾವುದನ್ನೂ ಎಚ್ಚರಿಸುವುದಿಲ್ಲ. ಕಳಿಸಿದ ಲಕೋಟೆಯನ್ನು ಹಿಂತೆಗೆದುಕೊಳ್ಳಲೂ ಆಗುವುದಿಲ್ಲ. ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಸೇವೆಯಲ್ಲಿ ಇದು ಕೊರತೆಯೇ.

200 ಯುವಾನ್ ಎಂಬ ಮಿತಿ ಸಣ್ಣದೆಂದು ಗೊಣಗುವವರಿದ್ದಾರೆ. ನಮಗೆ ಅದು ಈ ಸೇವೆಯ ಅತ್ಯಂತ ಸರಿಯಾದ ನಿರ್ಧಾರಗಳಲ್ಲೊಂದು ಎನಿಸುತ್ತದೆ. ಮುಯ್ಯಿಗೂ ಲಂಚಕ್ಕೂ ನಡುವಿನ ಗೆರೆ ಚೀನಾದಲ್ಲಿ ಹಳೆಯ ತಲೆನೋವು. ಅಧಿಕಾರಿಗಳ ಆಡಂಬರ ತಡೆಯಲು 2012ರ ಡಿಸೆಂಬರ್‌ನಲ್ಲಿ ಬಂದ 'ಎಂಟು ಅಂಶಗಳ ನಿಯಮ'ದ ನಂತರ ಕಮ್ಯುನಿಸ್ಟ್ ಪಕ್ಷದ ಶಿಸ್ತು ಆಯೋಗ ಅಧಿಕಾರಿಗಳಿಗೆ ಬರುವ ಎಲೆಕ್ಟ್ರಾನಿಕ್ ಲಕೋಟೆಗಳನ್ನೂ ಉಡುಗೊರೆಯ ಲೆಕ್ಕಕ್ಕೇ ಸೇರಿಸಿ ನೋಡುತ್ತಿದೆ. ನಿಮ್ಮ ಕಡತ ಯಾವುದಾದರೂ ಕಚೇರಿಯಲ್ಲಿದ್ದರೆ ಅಲ್ಲಿಯವರಿಗೆ ಹಬ್ಬದ ನೆಪದಲ್ಲೂ ಲಕೋಟೆ ಕಳಿಸಬೇಡಿ. ನಗದಿನ ಲಕೋಟೆಗೆ ಗುರುತಿರಲಿಲ್ಲ, ಇದಕ್ಕೆ ದಿನಾಂಕ, ಗಂಟೆ, ನಿಮಿಷ ಎಲ್ಲವೂ ಇದೆ. ಲಕೋಟೆಯ ಕೊನೆಯ ಅಂಕಿಯ ಮೇಲೆ ಬಾಜಿ ಕಟ್ಟುವ ಗುಂಪುಗಳೂ ಇವೆ. ಅಂಥ ಗುಂಪು ನಡೆಸುವುದು ಜೂಜುಕಟ್ಟೆ ತೆರೆದ ಅಪರಾಧ ಎಂದು ಸುಪ್ರೀಂ ಪೀಪಲ್ಸ್ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಹೊರಡಿಸಿದ 106ನೇ ಮಾರ್ಗದರ್ಶಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗೊತ್ತಿಲ್ಲದ ಗುಂಪಿಗೆ ಸೇರಿಸಿ ಲಕೋಟೆ ಆಡಿಸಿದರೆ ತಕ್ಷಣ ಹೊರಬರುವುದು ಕ್ಷೇಮ.

ಪಾಕೀಟಿನ ಹಣ ಯಾರ ಬಳಿ ಇರುತ್ತದೆ

ಚೀನೀ ಮನೆಗಳು ಉಳಿಸುವಷ್ಟು ಹಣವನ್ನು ದೊಡ್ಡ ಆರ್ಥಿಕತೆಗಳಲ್ಲಿ ಇನ್ನೆಲ್ಲೂ ಉಳಿಸುವುದಿಲ್ಲ. ಇದನ್ನು ಬರೀ ಮಿತವ್ಯಯದ ಸಂಸ್ಕಾರ ಎಂದು ಹೇಳಿ ಮುಗಿಸುವವರು ಅರ್ಧ ಮಾತ್ರ ಹೇಳುತ್ತಾರೆ. ಆಸ್ಪತ್ರೆ, ಮಗನ ಮದುವೆಗೆ ಮನೆ, ಮುಪ್ಪು ಇವುಗಳಿಗೆ ಸರ್ಕಾರದ ಆಸರೆ ತೆಳು. ಒಂದೇ ಮಗುವಿನ ನೀತಿಯಿಂದ ಮುಪ್ಪಿನ ಆಸರೆಯ ಕೈಗಳೂ ಕಡಿಮೆಯಾದವು. ಮಕ್ಕಳು ತಂದೆತಾಯಿಯನ್ನು ನೋಡಿಕೊಳ್ಳಬೇಕೆಂಬ 'ಶಿಯಾವ್' ಎಂಬ ಮೌಲ್ಯ ಅಲ್ಲಿ ಕಾನೂನಿನಲ್ಲೂ ಇದೆ: 2013ರ ಜುಲೈ 1ರಿಂದ ಜಾರಿಗೆ ಬಂದ ಹಿರಿಯರ ಹಕ್ಕು ಕಾನೂನು, ದೂರವಿರುವ ಮಕ್ಕಳು ಆಗಾಗ ಬಂದು ನೋಡಬೇಕು ಇಲ್ಲವೇ ವಿಚಾರಿಸಬೇಕು ಎನ್ನುತ್ತದೆ. ಕುಟುಂಬದ ಮೇಲೆ ಹೊಣೆ ಇಟ್ಟ ವ್ಯವಸ್ಥೆಯಲ್ಲಿ ಕುಟುಂಬ ಉಳಿಸದೆ ಬೇರೆ ದಾರಿಯಿಲ್ಲ. ಎರಡೂ ಆ್ಯಪ್‌ಗಳಲ್ಲಿರುವ ಕುಟುಂಬದ ಕಾರ್ಡ್ ಸೌಲಭ್ಯ ಇದೇ ಮೌಲ್ಯದ ಮೇಲೆ ನಿಂತಿದೆ. ತಾಯಿ ಅಂಗಡಿಯಲ್ಲಿ ಕೋಡ್ ತೋರಿಸುತ್ತಾರೆ, ಹಣ ಮಗಳ ಲೆಕ್ಕದಿಂದ ಹೋಗುತ್ತದೆ, ತಿಂಗಳ ಮಿತಿಯನ್ನು ಮಗಳೇ ಹಾಕಿರುತ್ತಾಳೆ. ತುಂಬ ಒಳ್ಳೆಯ ಸೌಲಭ್ಯ. ಆದರೆ ತಾಯಿ ಎಲ್ಲಿ ಎಷ್ಟು ಕೊಟ್ಟರೆಂಬ ಸಂದೇಶ ಪ್ರತಿ ಬಾರಿಯೂ ಮಗಳಿಗೆ ಬರುತ್ತದೆ, ಇದನ್ನು ಹಿರಿಯರಿಗೆ ಮೊದಲೇ ಹೇಳಿಬಿಡುವುದು ಗೌರವ.

ಉಳಿಸಿದ ಹಣಕ್ಕೆ ಬ್ಯಾಂಕು ಏನು ಕೊಡುತ್ತಿತ್ತು? 2013ರಲ್ಲಿ ಉಳಿತಾಯ ಖಾತೆಗೆ ವರ್ಷಕ್ಕೆ ಶೇ 0.35. ಠೇವಣಿ ಬಡ್ಡಿಗೆ ಸರ್ಕಾರವೇ ಮೇಲ್ಮಿತಿ ಹಾಕಿತ್ತು. ಕಡಿಮೆ ಬಡ್ಡಿಗೆ ಬಂದ ಜನರ ಹಣವನ್ನು ಸರ್ಕಾರಿ ಬ್ಯಾಂಕುಗಳು ಸರ್ಕಾರಿ ಕಂಪನಿಗಳಿಗೂ ಕಾಮಗಾರಿಗಳಿಗೂ ಅಗ್ಗದ ಸಾಲವಾಗಿ ಕೊಡುವುದು ಆ ಆರ್ಥಿಕತೆಯ ಬೆನ್ನೆಲುಬು. ಆ ವರ್ಷದ ಜೂನ್‌ನಲ್ಲಿ ಅಲಿಪೇ 'ಯುಎಬಾವ್' ತಂದಿತು. ಪಾಕೀಟಿನಲ್ಲಿ ಮಿಕ್ಕ ಚಿಲ್ಲರೆಯನ್ನು, ಒಂದೇ ಯುವಾನ್ ಆದರೂ ಸರಿ, ಅಲ್ಪಾವಧಿ ಸಾಲಪತ್ರಗಳಲ್ಲಿ ಹಣ ಹೂಡುವ ಮನಿ ಮಾರ್ಕೆಟ್ ನಿಧಿಗೆ ಹಾಕಬಹುದು, ಬೇಕೆಂದಾಗ ಖರ್ಚು ಮಾಡಬಹುದು. 2014ರ ಜನವರಿಯಲ್ಲಿ ಅದರ ವಾರ್ಷಿಕ ಲೆಕ್ಕದ ಆದಾಯ ಶೇ 6 ದಾಟಿತ್ತು. ಕೆಲವೇ ವರ್ಷಗಳಲ್ಲಿ ಒಂದು ಲಕ್ಷ ಕೋಟಿ ಯುವಾನ್ ಮೀರಿ ಜಗತ್ತಿನ ಅತಿ ದೊಡ್ಡ ಮನಿ ಮಾರ್ಕೆಟ್ ನಿಧಿಯಾಯಿತು. 2015ರ ಅಕ್ಟೋಬರ್‌ನಲ್ಲಿ ಠೇವಣಿ ಬಡ್ಡಿಯ ಮೇಲ್ಮಿತಿ ತೆಗೆದದ್ದರಲ್ಲಿ ಇದರ ಒತ್ತಡಕ್ಕೂ ಪಾಲಿದೆ. ಈಗ ಆ ಆದಾಯ ತೀರ ಇಳಿದಿದೆ. 2017ರಲ್ಲಿ ತಲೆಗೆ 1 ಲಕ್ಷ ಯುವಾನ್ ಮಿತಿಯೂ ಬಂತು, 2019ರಲ್ಲಿ ಅದನ್ನು ತೆಗೆದರು. ಇಂದು ಇದನ್ನು ದಿನಬಳಕೆಯ ಚಿಲ್ಲರೆ ಇಡುವ ಡಬ್ಬಿಯಾಗಿ ಬಳಸಿ, ಉಳಿತಾಯದ ಜಾಗವಾಗಿ ಅಲ್ಲ.

ಯುಎಬಾವ್‌ಗೆ ಹಾಕದೆ ಪಾಕೀಟಿನಲ್ಲೇ ಬಿಟ್ಟ ಹಣದ ಕಥೆ ಬೇರೆ. ಮೊದಲೆಲ್ಲ ಕಂಪನಿಗಳು ಅದನ್ನು ಬ್ಯಾಂಕುಗಳಲ್ಲಿಟ್ಟು ಬಡ್ಡಿ ಪಡೆಯುತ್ತಿದ್ದವು. ಕೇಂದ್ರ ಬ್ಯಾಂಕಾದ ಪೀಪಲ್ಸ್ ಬ್ಯಾಂಕ್ ಆಫ್ ಚೀನಾ 2017ರಿಂದ ಹಂತಹಂತವಾಗಿ ಆ ಹಣವನ್ನು ತನ್ನ ಬಳಿಗೆ ತರಿಸಿಕೊಂಡು, 2019ರ ಜನವರಿಯ ಹೊತ್ತಿಗೆ ಶೇ 100 ತನ್ನಲ್ಲೇ ಇಡಬೇಕೆಂದು ಮಾಡಿತು. ಬ್ಯಾಂಕುಗಳ ಜೊತೆ ಆ್ಯಪ್‌ಗಳಿಗಿದ್ದ ನೇರ ಕೊಂಡಿಗಳನ್ನು ಕತ್ತರಿಸಿ, 2018ರ ಜೂನ್ 30ರಿಂದ ಬ್ಯಾಂಕ್ ಖಾತೆಗೆ ಸಂಬಂಧಿಸಿದ ಪ್ರತಿ ವ್ಯವಹಾರವೂ 'ವಾಂಗ್‌ಲಿಯೆನ್' ಎಂಬ ಒಂದೇ ತೀರುವಳಿ ಜಾಲದ ಮೂಲಕ ಹಾದುಹೋಗಬೇಕೆಂದಿತು. ಬಳಸುವವರಿಗೆ ಇದರಿಂದ ಲಾಭವೇ ಆಯಿತು, ಕಂಪನಿ ಮುಳುಗಿದರೂ ಪಾಕೀಟಿನ ಹಣ ಕೇಂದ್ರ ಬ್ಯಾಂಕಿನಲ್ಲಿ ಭದ್ರ. ಅದೇ ಹೊತ್ತಿಗೆ ಯಾರು ಯಾರಿಗೆ ಎಷ್ಟು ಕೊಟ್ಟರೆಂಬ ಪೂರ್ತಿ ಚಿತ್ರ ಸರ್ಕಾರದ ಕಣ್ಣಿಗೆ ಬಿತ್ತು. ಭದ್ರತೆ ಮತ್ತು ಕಾವಲು ಒಂದೇ ಕೊಳವೆಯಲ್ಲಿ ಬರುತ್ತವೆ, ಇಲ್ಲಿ ಒಂದನ್ನು ಬಿಟ್ಟು ಇನ್ನೊಂದು ಸಿಗುವುದಿಲ್ಲ.

ಬೇಲಿ ಎಷ್ಟು ಗಟ್ಟಿ ಎಂಬುದು 2020ರಲ್ಲಿ ಗೊತ್ತಾಯಿತು. ಅಲಿಪೇ ನಡೆಸುವ ಆ್ಯಂಟ್ ಗ್ರೂಪ್ 3,400 ಕೋಟಿ ಡಾಲರ್ ಮೀರಿದ ಷೇರು ಮಾರಾಟಕ್ಕೆ ಸಜ್ಜಾಗಿತ್ತು. ಅಕ್ಟೋಬರ್ 24ರಂದು ಶಾಂಘೈನಲ್ಲಿ ಅದರ ಸ್ಥಾಪಕ ಜ್ಯಾಕ್ ಮಾ ಬ್ಯಾಂಕುಗಳಿಗೆ ಗಿರವಿ ಅಂಗಡಿಯ ಮನೋಭಾವ ಎಂದು ಟೀಕಿಸಿದರು. ನವೆಂಬರ್ 2ರಂದು ನಿಯಂತ್ರಕರು ಕರೆಸಿ ಮಾತಾಡಿದರು, 3ರಂದು ಷೇರು ಮಾರಾಟ ನಿಂತಿತು. ಎಲ್ಲರೂ ಭಾಷಣವನ್ನೇ ಕಾರಣವೆನ್ನುತ್ತಾರೆ. ಅದಕ್ಕಿಂತ ಗಟ್ಟಿಯಾದ ಕಾರಣ ಲೆಕ್ಕದಲ್ಲಿತ್ತು. 'ಹ್ವಾಬೇ', 'ಜಿಯೆಬೇ' ಹೆಸರಿನಲ್ಲಿ ಆ್ಯಂಟ್ ಕೊಡಿಸುತ್ತಿದ್ದ ಸಾಲದಲ್ಲಿ ಸುಮಾರು ಶೇ 2 ಮಾತ್ರ ಅದರ ಸ್ವಂತ ಪುಸ್ತಕದಲ್ಲಿತ್ತು, ಉಳಿದ ಅಪಾಯವೆಲ್ಲ ಬ್ಯಾಂಕುಗಳ ತಲೆಯ ಮೇಲೆ. ಅದೇ ನವೆಂಬರ್ 2ರಂದು ಬಂದ ಕರಡು ನಿಯಮ, ಜಂಟಿ ಸಾಲದಲ್ಲಿ ಕನಿಷ್ಠ ಶೇ 30 ನೀನೇ ಹಾಕು ಎಂದಿತು. 2023ರ ಜುಲೈನಲ್ಲಿ 700 ಕೋಟಿ ಯುವಾನ್ ಮೀರಿದ ದಂಡದೊಂದಿಗೆ ಆ ಅಧ್ಯಾಯ ಮುಗಿಯಿತು. ವೀಚಾಟ್ ಪೇ ಹಿಂದಿರುವ ಟೆನ್‌ಪೇಗೂ ಆಗ ಸುಮಾರು 299 ಕೋಟಿ ಯುವಾನ್ ದಂಡ ಬಿತ್ತು. ಹ್ವಾಬೇ ಈಗಲೂ ಇದೆ. ಪಾವತಿ ಪರದೆಯಲ್ಲಿ ಅದೇ ಮೊದಲ ಆಯ್ಕೆಯಾಗಿ ಕೂತಿದ್ದರೆ, ಗಮನಿಸದೆ ಒತ್ತಿದಾಗ ನೀವು ಕೊಡುತ್ತಿರುವುದು ನಿಮ್ಮ ಹಣವಲ್ಲ, ಸಾಲ. ಸೆಟ್ಟಿಂಗ್‌ನಲ್ಲಿ ಪಾವತಿಯ ಕ್ರಮ ಬದಲಿಸಿ ಬ್ಯಾಂಕ್ ಕಾರ್ಡನ್ನು ಮೇಲಕ್ಕೆ ತನ್ನಿ. ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

ನೋಂದಣಿ, ಮಿತಿಗಳು, ಸಿಕ್ಕಿಬೀಳುವ ಜಾಗಗಳು

ವೀಚಾಟ್‌ನ ಹೊಸ ಖಾತೆ ತೆರೆಯುವಾಗ ಹಲವು ಬಾರಿ ಹಳೆಯ ಬಳಕೆದಾರರೊಬ್ಬರು ನಿಮ್ಮ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 'ಇವರು ಗೊತ್ತು' ಎನ್ನಬೇಕಾಗುತ್ತದೆ. 1070ರ ಸುಮಾರಿಗೆ ಸೊಂಗ್ ಕಾಲದ ಮಂತ್ರಿ ವಾಂಗ್ ಆನ್‌ಶಿ ಮನೆಗಳನ್ನು ಗುಂಪುಮಾಡಿ ಒಬ್ಬರಿಗೊಬ್ಬರು ಜಾಮೀನಾಗಿಸಿದ 'ಬಾವ್‌ಜಿಯಾ' ಪದ್ಧತಿ ಇದನ್ನು ನೋಡಿದರೆ ನೆನಪಾಗದೆ ಇರದು. ವಿಮಾನ ಹತ್ತುವ ಮೊದಲೇ, ಜಾಮೀನು ನಿಲ್ಲುವವರು ಹತ್ತಿರವಿದ್ದಾಗ, ಖಾತೆ ತೆರೆದಿಟ್ಟುಕೊಳ್ಳಿ. ಅಲಿಪೇಗೆ ಯಾರ ಜಾಮೀನೂ ಬೇಡ: ವಿದೇಶಿ ಫೋನ್ ಸಂಖ್ಯೆ, ಪಾಸ್‌ಪೋರ್ಟ್‌ನ ಫೋಟೋ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಸಾಕು. ಹುಟ್ಟಿನ ವ್ಯತ್ಯಾಸ ಇಲ್ಲೂ ಕಾಣುತ್ತದೆ.

ವಿದೇಶಿ ಕಾರ್ಡ್‌ಗೆ 2024ರಲ್ಲಿ ಒಂದು ವ್ಯವಹಾರದ ಮಿತಿಯನ್ನು 1,000 ಡಾಲರ್‌ನಿಂದ 5,000ಕ್ಕೂ, ವರ್ಷದ ಮಿತಿಯನ್ನು 10,000ದಿಂದ 50,000ಕ್ಕೂ ಏರಿಸಿದರು. 200 ಯುವಾನ್‌ವರೆಗಿನ ಪಾವತಿಗೆ ಶುಲ್ಕವಿಲ್ಲ, ಅದಕ್ಕಿಂತ ಹೆಚ್ಚಾದರೆ ಶೇ 3. ಅಂಗಡಿಯವರು ಒಪ್ಪಿದರೆ 380 ಯುವಾನ್‌ನ ಬಿಲ್ಲನ್ನು 190ರಂತೆ ಎರಡು ಬಾರಿ ಕೊಡಿ. ಇಂಥ ಕಾರ್ಡು ಅಂಗಡಿ, ಹೋಟೆಲು, ಮೆಟ್ರೊಗಳಿಗೆ ಸಲೀಸು. ಲಕೋಟೆ, ವ್ಯಕ್ತಿಗತ ವರ್ಗಾವಣೆಗಳಿಗೆ ಅದನ್ನು ನೆಚ್ಚಿಕೊಳ್ಳಬೇಡಿ, ಅವು ಸ್ಥಳೀಯ ಬ್ಯಾಂಕ್ ಖಾತೆ ಇರುವವರಿಗಾಗಿ ಕಟ್ಟಿದವು. ಕೊಳ್ಳುವವರಾಗಿ ಬಾಗಿಲು ತೆರೆದಿದೆ, ಮುಯ್ಯಿಯ ವರ್ತುಲಕ್ಕೆ ಸೇರಲು ಅಲ್ಲಿಯೇ ನೆಲೆಸಿರಬೇಕು.

ಸ್ಥಳೀಯ ಖಾತೆ ಇರುವವರಿಗೆ ಪಾಕೀಟಿನ ಬಾಕಿ ಹಣದಿಂದ ಎಷ್ಟು ಕೊಡಬಹುದು ಎಂಬುದಕ್ಕೆ 2016ರ ಜುಲೈನಿಂದ ಮೂರು ದರ್ಜೆಗಳಿವೆ. ಮೊದಲನೆಯದರಲ್ಲಿ ಖಾತೆ ತೆರೆದಂದಿನಿಂದ ಒಟ್ಟು 1,000 ಯುವಾನ್ ಮಾತ್ರ, ಎರಡನೆಯದರಲ್ಲಿ ವರ್ಷಕ್ಕೆ 1 ಲಕ್ಷ, ಮೂರನೆಯದರಲ್ಲಿ 2 ಲಕ್ಷ. ದರ್ಜೆ ಏರಲು ಹೆಚ್ಚು ಕಡೆಗಳಿಂದ ಗುರುತು ದೃಢಪಡಬೇಕು. 'ಮಿತಿ ಮುಗಿದಿದೆ' ಎಂದು ಬಂದಾಗ ಗಾಬರಿ ಬೇಡ, ಮಿತಿ ಬಾಕಿ ಹಣಕ್ಕೆ ಮಾತ್ರ. ಜೋಡಿಸಿದ ಬ್ಯಾಂಕ್ ಕಾರ್ಡ್ ಆರಿಸಿದರೆ ಪಾವತಿ ನಡೆಯುತ್ತದೆ. ಪಾಕೀಟಿನಿಂದ ಬ್ಯಾಂಕಿಗೆ ಹಣ ತೆಗೆಯುವಾಗ ಜೀವಮಾನದಲ್ಲಿ ವೀಚಾಟ್‌ನಲ್ಲಿ 1,000, ಅಲಿಪೇಯಲ್ಲಿ 20,000 ಯುವಾನ್‌ವರೆಗೆ ಉಚಿತ, ನಂತರ ಶೇ 0.1.

ಹೊರಗಿನವರಿಗೆ ಅತಿ ಹೆಚ್ಚು ಕಾಡುವ ತೊಂದರೆ ಹೆಸರಿನದು. ಬ್ಯಾಂಕು ನಿಮ್ಮ ಹೆಸರನ್ನು ಯಾವ ಕ್ರಮದಲ್ಲಿ, ಎಲ್ಲಿ ಜಾಗ ಬಿಟ್ಟು, ಎಷ್ಟು ದೊಡ್ಡಕ್ಷರದಲ್ಲಿ ದಾಖಲಿಸಿದೆಯೋ ಆ್ಯಪ್‌ನಲ್ಲೂ ಹಾಗೇ ಇರಬೇಕು. ಖಾತೆ ತೆರೆದ ದಿನವೇ ಬ್ಯಾಂಕಿನ ಪರದೆಯಲ್ಲಿರುವ ಹೆಸರಿನ ರೂಪವನ್ನು ಬರೆದುಕೊಳ್ಳಿ. ಪಾಸ್‌ಪೋರ್ಟ್ ಹೊಸದಾದಾಗ ಸಂಖ್ಯೆಯೂ ಬದಲಾಗುತ್ತದೆ, ಆಗ ಮೊದಲು ಬ್ಯಾಂಕು, ಆಮೇಲೆ ಫೋನ್ ಕಂಪನಿ, ಕೊನೆಗೆ ಆ್ಯಪ್ ಎಂಬ ಕ್ರಮದಲ್ಲಿ ಸರಿಪಡಿಸಿ. ಹಳೆಯ ಪಾಸ್‌ಪೋರ್ಟ್ ಜೊತೆಗಿರಲಿ, ಇಬ್ಬರೂ ಒಬ್ಬರೇ ಎಂದು ತೋರಿಸಲು ಅದು ಬೇಕಾಗುತ್ತದೆ.

ಗೋಡೆಗೆ ಅಂಟಿಸಿದ ಕೋಡನ್ನು ನೀವು ಸ್ಕ್ಯಾನ್ ಮಾಡಿದರೆ 2018ರ ಏಪ್ರಿಲ್‌ನ ನಿಯಮದಂತೆ ದಿನಕ್ಕೆ 500 ಯುವಾನ್ ಮಿತಿ, ಯಾಕೆಂದರೆ ಅಂಗಡಿಯ ಕೋಡಿನ ಮೇಲೆ ಕಳ್ಳರು ತಮ್ಮ ಕೋಡ್ ಅಂಟಿಸುತ್ತಿದ್ದರು. ನಿಮ್ಮ ಫೋನಿನ ಕೋಡನ್ನು ಅಂಗಡಿಯವರು ಸ್ಕ್ಯಾನ್ ಮಾಡಿದರೆ ಈ ತೊಡಕಿಲ್ಲ. ಎರಡೂ ಇರುವ ಕಡೆ ಫೋನನ್ನೇ ಮುಂದೆ ಹಿಡಿಯಿರಿ. ಹೊಸ ಪರಿಚಯದವರಿಗೆ ದೊಡ್ಡ ಮೊತ್ತ ಕಳಿಸುವಾಗ ವೀಚಾಟ್ ಸೆಟ್ಟಿಂಗ್‌ನಲ್ಲಿ ತಕ್ಷಣದ ಬದಲು 2 ಗಂಟೆ ಅಥವಾ 24 ಗಂಟೆಯ ವಿಳಂಬ ಆರಿಸಿ. ವಂಚನೆ ತಡೆಯಲು 2016ರ ಡಿಸೆಂಬರ್‌ನಲ್ಲಿ ಕೇಂದ್ರ ಬ್ಯಾಂಕ್ ಕಡ್ಡಾಯ ಮಾಡಿದ ಈ ಆಯ್ಕೆ ಬಹಳ ಜನರ ಗಮನಕ್ಕೇ ಬಂದಿಲ್ಲ.

'ಜೀಮಾ' ಎಂಬ ವಿಶ್ವಾಸಾರ್ಹತೆಯ ಅಂಕ ಕಡಿಮೆಯಾದರೆ ವಿಮಾನ, ರೈಲಿನ ಟಿಕೆಟ್ ಸಿಗದು ಎಂಬ ತಪ್ಪು ತಿಳಿವಳಿಕೆ ತಿದ್ದಬೇಕು. ಅಲಿಪೇ ಒಳಗಿನ 350ರಿಂದ 950ರ ಈ ಅಂಕ ಠೇವಣಿಯಿಲ್ಲದೆ ಸೈಕಲ್, ಹೋಟೆಲ್ ಕೊಡಿಸುವ ಕಂಪನಿಯ ಸೌಲಭ್ಯ. ವಿಮಾನ, ವೇಗದ ರೈಲಿನ ಟಿಕೆಟ್ ತಡೆಯುವುದು ಇದಲ್ಲ. ತೀರ್ಪಾದ ಸಾಲ ತೀರಿಸದವರ ಬಗ್ಗೆ ನ್ಯಾಯಾಲಯಗಳು 2013ರಿಂದ ಇಟ್ಟಿರುವ ಪಟ್ಟಿ ಅದನ್ನು ಮಾಡುತ್ತದೆ. ಆಳುವುದಕ್ಕೆ ಅನ್ನ, ಆಯುಧ, ಜನರ ನಂಬಿಕೆ ಮೂರೂ ಬೇಕು, ಬಿಡಲೇಬೇಕಾದರೆ ಮೊದಲು ಆಯುಧ, ಆಮೇಲೆ ಅನ್ನ ಬಿಡು, ನಂಬಿಕೆ ಬಿಟ್ಟರೆ ರಾಜ್ಯ ನಿಲ್ಲದು ಎಂದು ಕನ್‌ಫ್ಯೂಶಿಯಸ್ ಶಿಷ್ಯನಿಗೆ ಹೇಳಿದ ಮಾತಿದೆ. ಅಲ್ಲಿ ಅವರು ಹೇಳಿದ್ದು ಆಳುವವರ ಮೇಲೆ ಜನರಿಗಿರುವ ನಂಬಿಕೆ. ಇಂದಿನ ಅಂಕ, ಪಟ್ಟಿಗಳು ಅಳೆಯುವುದು ಜನರನ್ನು. ನಂಬಿಕೆ ಎಂಬರ್ಥದ 'ಶಿನ್' ಎಂಬ ಒಂದೇ ಪದ ದಿಕ್ಕು ಬದಲಿಸಿದೆ, ಇದು ನಮ್ಮನ್ನು ಕಾಡುವ ವಿಷಯ.

ವೀಚಾಟ್ ಪೇಯ ಬಹು ದೊಡ್ಡ ದೋಷವೂ ಇದಕ್ಕೆ ಅಂಟಿಕೊಂಡೇ ಇದೆ. ಮಾತು, ಗೆಳೆತನ, ಪಾಕೀಟು, ಆಸ್ಪತ್ರೆಯ ಸರದಿ ಎಲ್ಲ ಒಂದೇ ಖಾತೆ. 2022ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನ ಸಿತೊಂಗ್ ಸೇತುವೆಯ ಮೇಲೆ ನಡೆದ ಸರ್ಕಾರ ವಿರೋಧಿ ಪ್ರತಿಭಟನೆಯ ಚಿತ್ರ ಹಂಚಿಕೊಂಡವರ ಖಾತೆಗಳು ಮುಚ್ಚಿದಾಗ, ಹಲವರು ಬೇರೆ ಜಾಲತಾಣದಲ್ಲಿ ಕ್ಷಮಾಪಣೆ ಬರೆದು ಖಾತೆ ಬೇಡಿಕೊಂಡರು. ಅವರು ಕಳೆದುಕೊಂಡದ್ದು ತಮ್ಮ ಇಡೀ ವರ್ತುಲವನ್ನು. ಈ ಒಂದು ಕಾರಣಕ್ಕೇ ಎರಡೂ ಆ್ಯಪ್ ಇರಲಿ ಎನ್ನುತ್ತೇವೆ. ವೀಚಾಟ್‌ನಲ್ಲಿ ತಿಂಗಳ ಮುಯ್ಯಿಗೆ ಬೇಕಾದಷ್ಟೇ ಇಟ್ಟು, ಉಳಿದದ್ದು ಬ್ಯಾಂಕಿನಲ್ಲಿರಲಿ. ಜೇಬಿನಲ್ಲಿ ಒಂದಿಷ್ಟು ನೋಟೂ ಇರಲಿ. ನಗದು ಬೇಡವೆನ್ನುವುದು ಅಲ್ಲಿ ಕಾನೂನಿಗೆ ವಿರುದ್ಧ, 2018ರಿಂದ ಕೇಂದ್ರ ಬ್ಯಾಂಕ್ ಇದನ್ನು ಮತ್ತೆ ಮತ್ತೆ ಹೇಳಿದೆ. 100ರ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ, 10 ಮತ್ತು 20ರ ನೋಟುಗಳೇ ಉಪಯೋಗಕ್ಕೆ ಬರುವುದು.

ದೇಶ ಬಿಡುವವರು ಕ್ರಮ ತಪ್ಪಿಸಬಾರದು. ಮೊದಲು ಕುಟುಂಬದ ಕಾರ್ಡು, ತಿಂಗಳ ತಾನಾಗಿ ಕಡಿತವಾಗುವ ಪಾವತಿಗಳನ್ನು ರದ್ದು ಮಾಡಿ. ಬರಬೇಕಾದ ಠೇವಣಿಗಳು ಬಂದ ಮೇಲೆ ಯುಎಬಾವ್‌ನಿಂದ ಪಾಕೀಟಿಗೆ, ಪಾಕೀಟಿನಿಂದ ಬ್ಯಾಂಕಿಗೆ ಹಣ ತೆಗೆಯಿರಿ. ಕಳಿಸಿದ ಲಕೋಟೆಗಳು ವಾಪಸಾಗಬಹುದಾದ್ದರಿಂದ ಇನ್ನೂ 24 ಗಂಟೆ ಕಾಯಿರಿ. ಆಮೇಲೆ ಕಾರ್ಡ್ ಬಿಡಿಸಿ, ಬ್ಯಾಂಕ್ ಖಾತೆ ಮುಚ್ಚಿ. ಫೋನ್ ಸಂಖ್ಯೆ ಕೊನೆಯದು, ಅದನ್ನು ಮೊದಲೇ ಬಿಟ್ಟುಕೊಟ್ಟರೆ ದೃಢೀಕರಣದ ಸಂದೇಶ ಬರುವುದಿಲ್ಲ, ಆ್ಯಪ್‌ನಲ್ಲಿ ಉಳಿದ ಹಣ ತೆಗೆಯಲು ಮತ್ತೆ ಚೀನಾಕ್ಕೇ ಹೋಗಬೇಕಾದೀತು.